ಡಾಕ್ಟರಿಗೆ ತೋರಿಸುವ ತಯಾರಿ

ವೈದ್ಯಶಾಸ್ತ್ರವೆಂಬ ಮಹಾಸೌಧ ನಿಂತಿರುವುದು ಒಂದೇ ಅಡಿಗಲ್ಲಿನ ಮೇಲೆ: ರೋಗಿಯು ತನ್ನ ನಿಜಸ್ಥಿತಿಯನ್ನು ವೈದ್ಯನ ಮುಂದೆ ಮುಚ್ಚಿಡದೆ ತೆರೆದಿಡುತ್ತಾನೆ. ಧಾರವಾಡದ ಮಾಳಮಡ್ಡಿಯ ನನ್ನ ದವಾಖಾನೆಗೆ ಬರುವವರು ಮಾತ್ರ ಮೊದಲು ಜಳಕ ಮಾಡಿ, ಎಣ್ಣೆ ಹಚ್ಚಿ ತಲೆ ಬಾಚಿಕೊಂಡು, ಮದುವೆಯ ಬಟ್ಟೆಗಿಂತ ಒಂದೇ ದರ್ಜೆ ಕೆಳಗಿನ ಬಟ್ಟೆ ತೊಟ್ಟು ಬರುತ್ತಾರೆ. ಜ್ವರದಲ್ಲಿ ಸುಡುತ್ತಿರುವ ಕೂಸಿಗೂ ಪೌಡರ್ ಬಳಿದಿರುತ್ತದೆ. ಮಕ್ಕಳ ಡಾಕ್ಟರನಾಗಿ, ಪೌಡರಿನ ಕೆಳಗಿನ ಚರ್ಮದ ಬಣ್ಣ ಊಹಿಸುವ ವಿದ್ಯೆಯಲ್ಲಿ ನಾನು ತಕ್ಕಮಟ್ಟಿಗೆ ಪಳಗಿದವನೆಂದು ನಂಬಿಕೊಂಡಿದ್ದೆ.

ಕೋವಿಡ್ ಊರನ್ನೆಲ್ಲ ಸುತ್ತಿ ಹೋಗಿ, ಮಾಸ್ಕುಗಳು ಸ್ಕೂಟರ್ ಒರೆಸುವ ಅರಿವೆಗಳಾಗಿದ್ದ ಕಾಲ. ಹುಬ್ಬಳ್ಳಿಯ ದೇಶಪಾಂಡೆ ನಗರದಿಂದ ಹತ್ತಿ ವ್ಯಾಪಾರಿಯೊಬ್ಬರು ಹೆಂಡತಿ ಮತ್ತು ಮಗಳೊಂದಿಗೆ ಬಂದರು. ಅವರು ಕೂಸಾಗಿದ್ದಾಗ ಅವರಿಗೂ ನಾನೇ ಸೂಜಿ ಚುಚ್ಚಿದ್ದೆ. ಹುಬ್ಬಳ್ಳಿಯ ಅಷ್ಟೂ ಡಾಕ್ಟರುಗಳನ್ನು ದಾಟಿ ಧಾರವಾಡದ ತನಕ ಬಂದದ್ದಕ್ಕೆ ಬೇರೆ ಕಾರಣವೇನೂ ಇರಲಿಲ್ಲ. ನನ್ನನ್ನು ಅವರು ಕಾಕಾ ಎನ್ನುತ್ತಿದ್ದರು. ಮಗಳು ಒಂದು ತಲೆಮಾರು ಏರಿಸಿ ಅಜ್ಜಾರ ಎಂದಳು.

ಹುಡುಗಿಗೆ ಹದಿನಾಲ್ಕು. ಒಂಬತ್ತನೆಯ ತರಗತಿ, ಶಾಲೆಯ ಖೋ ಖೋ ತಂಡ. ಕೋವಿಡ್ ಅವಳಿಗೆ ನೆಗಡಿಯಂತೆ ಬಂದು ನೆಗಡಿಯಂತೆಯೇ ಹೋಗಿತ್ತು. ತಿಂಗಳೊಪ್ಪತ್ತಿನ ನಂತರ ಮತ್ತೆ ಆಟಕ್ಕಿಳಿದಳು. ಮರುದಿನ ಹಾಸಿಗೆ ಬಿಟ್ಟು ಏಳಲಿಲ್ಲ. ಅಂದಿನಿಂದ ಎಂಟು ದಿನಕ್ಕೊಮ್ಮೆ ಶಾಲೆ, ಉಳಿದ ದಿನ ಹಾಸಿಗೆ.

"ಏನವಾ ತಂಗಿ, ಆರಾಮ ಇದ್ದೀ?" ಎಂದೆ.

"ಆರಾಮ್ರಿ, ಅಜ್ಜಾರ."

"ಆರಾಮ ಇದ್ರ ನಾವ್ಯಾಕ ಇಲ್ಲಿತನಕ ಬರ್ತಿದ್ವಿ?" ಎಂದರು ತಂದೆ. "ಮೊನ್ನೆ ನಮ್ಮ ಬಸುರಿ ತಂಗಿ ಕುಬುಸದ ಕಾರ್ಯದಾಗ ಇಕಿ ನಕ್ಕೋತ ಓಡ್ಯಾಡಿದ್ಲ್ರಿ ಕಾಕಾ. ಮರುದಿನ ಗಣಿತ ಟೆಸ್ಟ್. ಹಾಸಿಗಿ ಹಿಡದ್ಲು. ರೋಗಕ್ಕ ಟೈಮ್ ಟೇಬಲ್ ಇರತೈತೇನ್ರಿ?"

ಹುಡುಗಿ ಮೇಜಿನ ಮೇಲಿದ್ದ ಪೇಪರ್‌ವೇಟನ್ನು ನೋಡುತ್ತ ಕುಳಿತಳು. ತಾಯಿ ಮೆಲ್ಲಗೆ ಹೇಳಿದರು: "ನಿಂತ್ರ ಎದಿ ಹಾರತೈತಿ ಅಂತಾಳ್ರಿ. ತಲಿ ತಿರಗತೈತಿ. ಓದಿದ್ದು ತಲ್ಯಾಗ ನಿಲ್ಲವಲ್ಲದು. ರಾತ್ರಿ ಪೂರಾ ಮಲಗ್ತಾಳ, ಎದ್ದಾಗ ಮಲಗೇ ಇಲ್ಲ ಅನ್ನೂವಂಗ ಇರ್ತಾಳ."

ಕುಳ್ಳಿರಿಸಿ ನಾಡಿ ಹಿಡಿದೆ, ಸರಿಯಾಗಿತ್ತು. ರಕ್ತದೊತ್ತಡವೂ ಸರಿ, ಎದೆಯ ಸದ್ದೂ ಸರಿ. ರಕ್ತ, ಥೈರಾಯ್ಡ್, ಎಕ್ಸ್‌ರೇ, ಇಸಿಜಿ ಎಲ್ಲ ಮಾಡಿಸಿದೆ. ಎಲ್ಲವೂ ಪರೀಕ್ಷೆಯಲ್ಲಿ ಮೊದಲ ದರ್ಜೆಯಲ್ಲಿ ಪಾಸಾದವು. ಹೃದಯತಜ್ಞ ಮಿತ್ರರು ಎಕೋ ಮಾಡಿ, ಇಷ್ಟು ಛಲೋ ಹೃದಯ ಇದ್ದವರು ತಮ್ಮ ಕಡೆಗೆ ಬರುವುದೇ ಇಲ್ಲವೆಂದು ಹೇಳಿ ಕಳಿಸಿದರು. ಮನೋವೈದ್ಯೆಯೊಬ್ಬರ ಬಳಿ ಕಳಿಸಿದೆ. ಅವರು ಹುಡುಗಿಯೊಂದಿಗೆ ಬಹಳ ಹೊತ್ತು ಮಾತಾಡಿ ನನಗೆ ಫೋನ್ ಮಾಡಿದರು: "ಹುಡುಗಿಗೆ ಬ್ಯಾಸರ ಆಗ್ಯದ ಸರ್. ಯಾರೂ ನಂಬವಲ್ಲರು ಅಂತ. ಅದು ಬ್ಯಾರೆ ಏನೋ ಆದದ್ದರ ಫಲ. ಆ ಬ್ಯಾರೆ ಏನೋ ನಿಮ್ಮ ಕಡೆನ ಅದ, ಮತ್ತೊಮ್ಮೆ ನೋಡ್ರಿ." ಚೆಂಡು ಹೀಗೆ ನನ್ನ ಅಂಗಳಕ್ಕೇ ಮರಳಿ ಬಂತು.

ಕೋವಿಡ್ ಹೋದ ಮೇಲೂ ಅದರ ಕಾಟ ತಿಂಗಳುಗಟ್ಟಲೆ ಉಳಿಯಬಹುದು, ಮಕ್ಕಳಲ್ಲೂ ಉಳಿಯಬಹುದು, ಅದನ್ನು ತೋರಿಸಿಕೊಡುವ ಒಂದು ಪರೀಕ್ಷೆ ಇನ್ನೂ ಇಲ್ಲ ಎಂಬಷ್ಟನ್ನು ಓದಿಕೊಂಡಿದ್ದೆ. ಲಾಂಗ್ ಕೋವಿಡ್ ಎಂದು ಬರೆದು ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ಚಿಹ್ನೆ ಹಾಕಿದರೆ ಸಾಲದು, ಔಷಧ ಬೇಕಲ್ಲ. ನನ್ನ ಪೀಳಿಗೆಯ ವೈದ್ಯರಿಗೆ ಯಾವ ಔಷಧವೂ ತೋಚದಾಗ ತೋಚುವ ಔಷಧ ಒಂದಿದೆ. ದಿನಾ ಸಂಜೆ ನಡೆಯಬೇಕು, ದಿನದಿಂದ ದಿನಕ್ಕೆ ಸ್ವಲ್ಪ ಹೆಚ್ಚು ನಡೆಯಬೇಕು ಎಂದೆ. ಹುಡುಗಿ ವಿಧೇಯಳು, ನಡೆದಳು. ವಾರ ತುಂಬುವುದರೊಳಗೆ ಚಮಚೆ ಹಿಡಿಯುವ ಶಕ್ತಿ ಇಲ್ಲದೆ ಮಲಗಿದಳು. ಅಜ್ಜಿ ಗಂಜಿ ತಿನ್ನಿಸುತ್ತಿದ್ದಾರೆಂದು ತಾಯಿ ಫೋನಿನಲ್ಲಿ ಹೇಳಿದರು. ನಡಿಗೆ ನಿಲ್ಲಿಸಿರಿ ಎಂದು ಹೇಳುವಾಗ ನನ್ನ ಧ್ವನಿ ಎಂದಿಗಿಂತ ಗಂಭೀರವಾಗಿತ್ತು. ಬೇರೇನೂ ಗೊತ್ತಿಲ್ಲದಾಗ ಅದು ಹಾಗಾಗುತ್ತದೆ.

ಅದಾದ ಮೇಲೆ ತಂದೆ ಒಬ್ಬರೇ ಬಂದರು. ಕೈಯಲ್ಲಿ ವಸತಿ ಶಾಲೆಯೊಂದರ ಫಿಟ್‌ನೆಸ್ ಸರ್ಟಿಫಿಕೇಟಿನ ನಮೂನೆ. ಹುಡುಗಿ ದಿನಾ ಬೆಳಗಿನ ಓಟಕ್ಕೂ ಕವಾಯತಿಗೂ ಯೋಗ್ಯಳೆಂದು ಡಾಕ್ಟರು ಬರೆದುಕೊಡಬೇಕಿತ್ತು.

"ಒಂದ ಸಹಿ ಕಾಕಾ. ಅಲ್ಲೆ ನಸುಕಿನ್ಯಾಗ ಎಬ್ಬಿಸಿ ಓಡಸ್ತಾರ. ಫೋನ್ ಇಲ್ಲ, ಅಜ್ಜಿ ಮುದ್ದ ಇಲ್ಲ. ಎರಡ ತಿಂಗಳದಾಗ ನೆಟ್ಟಗ ಆಗ್ತಾಳ."

"ಆಗದಿದ್ರ?"

"ರಿಪೋರ್ಟ್ ಎಲ್ಲಾ ಛಲೋ ಅದಾವಲ್ರಿ. ಏನೂ ಇಲ್ಲ ಅಂತ ನೀವ ಅಂದೀರಿ."

"ಸಿಕ್ಕಿಲ್ಲ ಅಂದೀನಿ. ಇಲ್ಲ ಅಂದಿಲ್ಲ."

"ನಮ್ಮ ಮಾರ್ಕೆಟ್‌ನಾಗ ಎರಡಕ್ಕೂ ಒಂದ ಅರ್ಥ ಕಾಕಾ." ಅವರು ನಕ್ಕರು; ನಗು ಕಣ್ಣಿನ ತನಕ ಹೋಗಲಿಲ್ಲ. "ಸಿಟ್ಟಿಗೇಳಬ್ಯಾಡ್ರಿ. ನೀವು ಕೊಡದಿದ್ರ ಬ್ಯಾರೆಯವರು ಕೊಡ್ತಾರ. ನಿಮ್ಮ ಕೈಯಿಂದ ಆಗ್ಲಿ ಅಂತ ಬಂದೇನಿ. ಸಾಲಿ ಬಿಟ್ಟ ಕುಂತ ಹುಡುಗಿ, ನಾಳೆ ಆಕಿ ಗತಿ ಏನು? ನನಗೂ ನಿದ್ದಿ ಬರವಲ್ಲದು."

ಇದೇ ಪೇಚು. ನಾನು ಸಹಿ ಮಾಡದಿದ್ದರೆ ಇನ್ನೊಬ್ಬರು ಮಾಡುತ್ತಾರೆ. ಅವರು ನೋಡುವುದೂ ಇವೇ ರಿಪೋರ್ಟುಗಳನ್ನು. ಒಂದು ವಾರದ ಸಂಜೆ ನಡಿಗೆಗೆ ಆ ಗತಿಯಾದವಳನ್ನು ದಿನಾ ನಸುಕಿನಲ್ಲಿ ಓಡಿಸಿದರೆ ಏನಾದೀತೆಂದು ಯೋಚಿಸಲು ನನಗೆ ಧೈರ್ಯವಾಗಲಿಲ್ಲ. ಮುಂದಿನ ಶುಕ್ರವಾರ ಕೊನೆಯದಾಗಿ ಒಮ್ಮೆ ನೋಡುತ್ತೇನೆ, ಅಂದೂ ಏನೂ ಸಿಗದಿದ್ದರೆ ಸಹಿ ಮಾಡುತ್ತೇನೆ ಎಂದೆ. ಅವರು ಒಪ್ಪಿದರು. ವ್ಯಾಪಾರಿಗಳು ಮಾತಿಗೆ ತಪ್ಪುವುದಿಲ್ಲ. ಆದ್ದರಿಂದ ನಾನೂ ತಪ್ಪುವಂತಿರಲಿಲ್ಲ.

ಶುಕ್ರವಾರ ದಿನವಿಡೀ ನಮ್ಮ ಓಣಿಯಲ್ಲಿ ಕರೆಂಟು ಇರುವುದಿಲ್ಲವೆಂಬ ಪ್ರಕಟಣೆ ಬಂದದ್ದು ಅದಕ್ಕೂ ಮೊದಲಿನ ಶನಿವಾರ. ದವಾಖಾನೆಯ ಸಹಾಯಕಿ ರಜೆಯ ಮೇಲಿದ್ದರಿಂದ ಹುಡುಗಿಯ ತಾಯಿಗೆ ನಾನೇ ಫೋನ್ ಮಾಡಿದೆ.

"ಶುಕ್ರವಾರ ಬ್ಯಾಡ, ಮಂಗಳವಾರ ಕರಕೊಂಡು ಬರ್ರಿ."

"ಮಂಗಳವಾರ ಆಗೂದಿಲ್ರಿ ಡಾಕ್ಟರ್. ಸೋಮವಾರ ವಿಜ್ಞಾನ ಟೆಸ್ಟ್ ಐತಿ. ಈ ಸಲ ತಪ್ಪಿಸಿದ್ರ ನಡಿಯೂದಿಲ್ಲ ಅಂದಾರ ಟೀಚರು, ಸಾಲಿಗೆ ಕಳಸಬೇಕು. ಮತ್ತ ತಯಾರಿ ಆಗೂದಿಲ್ರಿ."

"ಮಂಗಳವಾರ ಯಾವ ಪರೀಕ್ಷಾ ತಯಾರಿ?"

"ಪರೀಕ್ಷಾದ್ದಲ್ರಿ. ನಿಮ್ಮ ಕಡೆ ಬರೂ ತಯಾರಿ."

"ನನ್ನ ಕಡೆ ಬರಲಿಕ್ಕೆ ಏನು ತಯಾರಿ? ಕನ್ಯಾ ತೋರಸ್ಲಿಕ್ಕೆ ಬರ್ತೀರೇನು?"

ತಾಯಿ ನಕ್ಕರು. ಆಮೇಲೆ, ಮನೆಮನೆಯಲ್ಲೂ ನಡೆಯುವ ಸಂಗತಿಯೆಂಬಂತೆ ಹೇಳಿದರು. "ಎರಡ ದಿನ ಮದಲ ಮಲಗಿಸಿಬಿಡ್ತೇವ್ರಿ. ಸಾಲಿ ಇಲ್ಲ, ಓದೂದಿಲ್ಲ, ಮಾತೂ ಕಡಿಮಿ. ನಮ್ಮ ಅತ್ತಿಯವರು ತಾಸಿಗೊಮ್ಮೆ ಉಪ್ಪ ಹಾಕಿ ಮಜ್ಜಿಗಿ ಕುಡಸ್ತಾರ. ಇಲ್ಲಂದ್ರ ನಿಮ್ಮ ದವಾಖಾನಿ ಪಾವಟಗಿ ಏರಾಕ ಆಗೂದಿಲ್ರಿ ಆಕಿಗೆ."

"ಪ್ರತಿ ಸಲಾನೂ?"

"ಹೂನ್ರಿ. ಎಕೋಕ್ಕ ಹೋಗೂ ಮುಂದನೂ. ಬಾಡಿದ ಮಾರಿ ತಗೊಂಡು ಡಾಕ್ಟರ್ ಮುಂದ ಹೋದ್ರ ಮನಿತನದ ಮರ್ಯಾದಿ ಏನ ಉಳೀತೈತಿ ಅಂತಾರ ಅತ್ತಿಯವರು."

"ಬಂದು ಹೋದ ಮ್ಯಾಲೆ?"

"ಮೂರ ನಾಕ ದಿನ ಏಳೂದಿಲ್ರಿ. ಅದನ್ನ ನೀವು ಯಾವಾಗೂ ಕೇಳಲೇ ಇಲ್ಲಲ್ರಿ."

ಕೇಳಿರಲಿಲ್ಲ. ನಾನು ಪ್ರತಿ ಸಲ ನೋಡಿದ್ದು ರೋಗಿಯನ್ನಲ್ಲ, ರೋಗಿಯ ಪ್ರದರ್ಶನದ ಪ್ರತಿಯನ್ನು. ಪೌಡರಿನ ಕೆಳಗೆ ನೋಡಬಲ್ಲೆನೆಂದು ಹೆಮ್ಮೆಪಡುತ್ತಿದ್ದವನಿಗೆ ಎರಡು ದಿನದ ವಿಶ್ರಾಂತಿ ಬಳಿದು ಕಳಿಸಿದ್ದು ಕಾಣಲಿಲ್ಲ.

ನಿಂತಾಗ ನಮ್ಮೆಲ್ಲರ ರಕ್ತವೂ ಕಾಲಿನ ಕಡೆಗೆ ಜಾರುತ್ತದೆ. ರಕ್ತನಾಳಗಳು ಬಿಗಿಯಾಗಿ ಅದನ್ನು ಮೇಲಕ್ಕೆ ತಳ್ಳುತ್ತವೆ. ನಮಗೆ ಅದರ ಸುದ್ದಿಯೇ ಇರುವುದಿಲ್ಲ. ಈ ವ್ಯವಸ್ಥೆ ಕೆಟ್ಟವರಲ್ಲಿ ಹೃದಯವೊಂದೇ ಓಡಿ ಓಡಿ ಎಲ್ಲರ ಕೆಲಸ ಮಾಡಬೇಕಾಗುತ್ತದೆ. ಕೋವಿಡ್ ನಂತರ ಕೆಲವು ಮಕ್ಕಳಲ್ಲಿ ಹೀಗಾಗುತ್ತದೆ. ಕುಳಿತವರ, ಮಲಗಿದವರ ನಾಡಿಯಲ್ಲಿ ಇದು ಸಿಗದು. ದಣಿವಿನ ಮರುದಿನ ಹೆಚ್ಚು, ವಿಶ್ರಾಂತಿಯ ಮೇಲೆ ಕಡಿಮೆ. ನೀರು, ಉಪ್ಪು ಹೆಚ್ಚಾದರೆ ಇನ್ನೂ ಕಡಿಮೆ. ಅಂದರೆ ನಾನು ಬರೆಯಬೇಕಾದ ಚೀಟಿಯ ಅರ್ಧವನ್ನು ಅಜ್ಜಿ, ಮನೆತನದ ಮರ್ಯಾದೆಗಾಗಿ, ರೋಗವನ್ನು ನಾನು ನೋಡುವ ಮೊದಲೇ ಕುಡಿಸಿಬಿಡುತ್ತಿದ್ದರು.

ಹುಡುಗಿಯನ್ನು ಬೇಕೆಂದೇ ದಣಿಸಿ ಪರೀಕ್ಷಿಸುವುದು ಸರಿಯಲ್ಲ. ಆದರೆ ಸೋಮವಾರ ಅವಳು ಹೇಗೂ ಶಾಲೆಗೆ ಹೋಗುವವಳಿದ್ದಳು.

"ಮಂಗಳವಾರ ಮುಂಜಾನೆ ನಾನ ನಿಮ್ಮ ಮನಿಗೆ ಬರ್ತೀನಿ," ಎಂದೆ. "ಯಾವ ತಯಾರಿನೂ ಬ್ಯಾಡ. ಯಜಮಾನ್ರು ಮನ್ಯಾಗ ಇರಬೇಕು. ನಿಮ್ಮ ಅತ್ತಿಯವರಿಗೆ ಮಾತ್ರ ಹೇಳಬ್ಯಾಡ್ರಿ."

ನಾನು ಯಾರ ಮನೆಗಾದರೂ ಹೋಗಿ ರೋಗಿಯನ್ನು ನೋಡುವುದು ಬಿಟ್ಟು ವರ್ಷಗಳಾಗಿದ್ದವು. ಬಿ.ಪಿ. ನೋಡುವ ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕುಳಿತೆ. ನವನಗರ ದಾಟುವ ಹೊತ್ತಿಗೆ ಸೋಲುವ ದಾರಿಗಳನ್ನೆಲ್ಲ ಲೆಕ್ಕ ಹಾಕಿ ಮುಗಿಸಿದ್ದೆ. ನಾಡಿ ಏರದಿದ್ದರೆ ಸಹಿ ಮಾಡಬೇಕು. ಹುಡುಗಿ ದೊಪ್ಪನೆ ಬಿದ್ದರೆ, ಮಗಳನ್ನು ಬೀಳಿಸಲು ಮನೆಗೇ ಬಂದ ಡಾಕ್ಟರೆಂಬ ಕೀರ್ತಿ ಎರಡೂ ಊರಿಗೆ ಹಬ್ಬುತ್ತದೆ. ನಾಡಿ ಏರಿಯೂ ತಂದೆ ನಂಬದಿದ್ದರೆ? ಕಾಗದದ ಮೇಲಿನ ಅಂಕಿಯಾಗಿ ಅದೂ ಉಳಿದ ರಿಪೋರ್ಟುಗಳ ಜೊತೆ ಸೇರಿಕೊಳ್ಳುತ್ತದೆ. ನನಗೆ ಹೆಚ್ಚು ಹೆದರಿಕೆಯಾದದ್ದು ಈ ಕೊನೆಯದಕ್ಕೆ.

ಮನೆಯ ಪಡಸಾಲೆಯಲ್ಲಿ ಕಾಲಿಟ್ಟು ನೋಡಿದರೆ, ಹುಡುಗಿ ಜಳಕ ಮಾಡಿ, ಹೆರಳು ಹಾಕಿಕೊಂಡು, ಹಣೆಗೆ ವಿಭೂತಿ ಹಚ್ಚಿಕೊಂಡು ಕುರ್ಚಿಯಲ್ಲಿ ಕುಳಿತಿದ್ದಾಳೆ. ಪಕ್ಕದಲ್ಲಿ ಅಜ್ಜಿ, ಕೈಯಲ್ಲಿ ದೊಡ್ಡ ತಾಮ್ರದ ಲೋಟ. ಡಾಕ್ಟರು ಮನೆಗೆ ಬರುವ ಸುದ್ದಿಯನ್ನು ಸೊಸೆ ನಸುಕಿನ ತನಕ ಮುಚ್ಚಿಟ್ಟಿದ್ದೇ ಹೆಚ್ಚು.

"ಬರ್ರಿ, ಬರ್ರಿ. ಇಕಿ ಏನೂ ಹೇಳೇ ಇಲ್ರಿ ನನಗ," ಎಂದರು ಅಜ್ಜಿ. "ಡಾಕ್ಟರ್ ಬರೂ ಹೊತ್ತಿನ್ಯಾಗ ಹುಡುಗಿ ದೆವ್ವಿನಂಗ ಬಿದ್ದಿದ್ಲು. ಈಗ ಎಬ್ಬಿಸೇನಿ. ಇಷ್ಟ ಕುಡದ್ರ ಮುಗೀತು."

"ಅದು ಮಜ್ಜಿಗೇನ್ರಿ?"

"ಹೂನ್ರಿ. ಉಪ್ಪ ಸ್ವಲ್ಪ ಮುಂದ ಆಗೇತಿ."

ಲೋಟವನ್ನು ಅವರ ಕೈಯಿಂದ ತೆಗೆದುಕೊಂಡು ನಾನೇ ಕುಡಿದೆ. ವೈದ್ಯಕೀಯ ಕಾರಣಕ್ಕಾಗಿ. ಉಪ್ಪು ನಿಜಕ್ಕೂ ಮುಂದಾಗಿತ್ತು.

ಮಾರ್ಕೆಟ್ ಯಾರ್ಡಿಗೆ ಹೊರಟು ನಿಂತಿದ್ದ ತಂದೆ ಗಡಿಯಾರ ನೋಡಿಕೊಂಡರು. "ನೋಡ್ರಿ ಕಾಕಾ, ಎಷ್ಟ ಛಂದ ಕುಂತಾಳ."

"ತಂಗಿ, ಆರಾಮ ಇದ್ದೀ?" ಎಂದೆ.

"ಆರಾಮ್ರಿ."

"ಖರೇ ಹೇಳು."

ಹುಡುಗಿ ಅಜ್ಜಿಯ ಕಡೆ ನೋಡಿದಳು. "ಹಿರಿಯಾರ ಕೇಳಿದ್ರ ಆರಾಮ್ ಅನ್ನಬೇಕ್ರಿ. ನೀವೂ ಅಜ್ಜಾರ, ಮೊಣಕಾಲ ಹಿಡ್ಕೊಂಡ ಏಳ್ತೀರಿ, ಅಪ್ಪ ಕೇಳಿದ್ರ ಆರಾಮ್ ಅಂತೀರಿ."

ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಾನೇನು ಮಾಡಬೇಕೆಂದಿದ್ದೇನೆ, ಅದರಿಂದ ತಲೆ ತಿರುಗಬಹುದು, ಬೇಡವೆಂದರೆ ಮಾಡುವುದಿಲ್ಲ ಎಂದು ಹುಡುಗಿಗೆ ತಿಳಿಸಿ ಹೇಳಿದೆ. ಅವಳು, "ಮಾಡ್ರಿ," ಎಂದಷ್ಟೇ ಹೇಳಿ ತಾನೇ ಹೋಗಿ ಜಮಖಾನೆಯ ಮೇಲೆ ಮಲಗಿದಳು.

ನಾಡಿ ನೆಲೆಗೊಳ್ಳಲೆಂದು ಕಾದೆವು. ಮಲಗಿದಾಗಿನ ನಾಡಿ ಎಪ್ಪತ್ತಾರು. ರಕ್ತದೊತ್ತಡ ಸರಿಯಾಗಿತ್ತು. ತಂದೆ ಮತ್ತೆ ಗಡಿಯಾರ ನೋಡಿದರು. ಆ ಕ್ಷಣ, ಬಸ್ಸಿನಲ್ಲಿ ಹೊಳೆಯದೆ ಹೋದದ್ದು ಹೊಳೆಯಿತು. ಈ ಮನುಷ್ಯ ಜೀವಮಾನವಿಡೀ ಹತ್ತಿಯನ್ನು ಹಿಡಿಯಷ್ಟು ಎತ್ತಿ, ಎಳೆ ಎಳೆದು, ಬೆರಳಿನಿಂದಲೇ ಅದರ ಯೋಗ್ಯತೆ ಹೇಳುವವರು. ಇವರಿಗೆ ನಾನು ತಿಂಗಳುಗಟ್ಟಲೆ ಕಾಗದ ತೋರಿಸಿದ್ದೆ.

"ಇಲ್ಲೆ ಬರ್ರಿ. ಆಕಿ ಕೈ ಹಿಡೀರಿ. ಬೆರಳು ಇಲ್ಲೆ ಇಡ್ರಿ."

"ನಾ ಏನ ಡಾಕ್ಟರ್ ಏನ್ರಿ?"

"ಹತ್ತಿ ಕಾಗದ ನೋಡಿ ತಗೋತೀರೋ, ಕೈಯಾಗ ಹಿಡದು ನೋಡಿ ತಗೋತೀರೋ?"

ಅವರು ಚಪ್ಪಲಿ ಬಿಟ್ಟು ಬಂದು ಮಗಳ ಪಕ್ಕ ಕುಳಿತರು. ನಾಡಿ ಸಿಗಲು ಹೊತ್ತು ಹಿಡಿಯಲಿಲ್ಲ. ಆ ಬೆರಳುಗಳಿಗೆ ನಯ ಗೊತ್ತಿತ್ತು. "ಸಿಕ್ತು. ಗಡಿಯಾರದಂಗ ಐತಿ," ಎಂದರು.

ಹುಡುಗಿಯನ್ನು ಎಬ್ಬಿಸಿ ಗೋಡೆಗೆ ಬೆನ್ನು ಆನಿಸಿ ನಿಲ್ಲಿಸಿದೆ. ಹಿಮ್ಮಡಿ ಗೋಡೆಯಿಂದ ಗೇಣಿನಷ್ಟು ಮುಂದೆ. ಅಲುಗಾಡಬಾರದು, ಕಾಲು ಬದಲಿಸಬಾರದು, ಮಾತಾಡಬಾರದು. ಏನಾದರೂ ಆದರೆ ಮಾತ್ರ ಹೇಳಬೇಕು. ಹತ್ತು ನಿಮಿಷದ ಪರೀಕ್ಷೆ. ಒಂದು ಕೈ ತಂದೆಯ ಹಿಡಿತದಲ್ಲಿ, ಇನ್ನೊಂದು ತೋಳಿಗೆ ನನ್ನ ಯಂತ್ರದ ಪಟ್ಟಿ. ಬೀಳುವುದಾದರೆ ಹಿಡಿಯಲೆಂದು ತಾಯಿಯನ್ನು ಎದುರಿಗೆ ನಿಲ್ಲಿಸಿದೆ.

ಮೊದಲ ನಿಮಿಷದಲ್ಲೇ ತೊಂಬತ್ತೆಂಟು. ಅಷ್ಟು ಯಾರಿಗಾದರೂ ಏರೀತು. ನೂರಾ ಎಂಟು. ರಕ್ತದೊತ್ತಡ ಇದ್ದಲ್ಲೇ ಇತ್ತು. ಈ ವಯಸ್ಸಿನವರಲ್ಲಿ ಒತ್ತಡ ಇಳಿಯದೆ ನಾಡಿ ನಲವತ್ತು ಏರಬೇಕು, ಏರಿ ನಿಲ್ಲಬೇಕು. ಅಂದರೆ ನೂರಾ ಹದಿನಾರು ದಾಟಿದರೆ ರೋಗವೆಂದು ಲೆಕ್ಕ. ನೂರಾ ಎಂಟರಲ್ಲಿ ಸ್ವಲ್ಪ ಹೊತ್ತು ನಿಂತಿತು. ನನ್ನ ಬಾಯಿಯಲ್ಲಿ ಮಜ್ಜಿಗೆಯ ಉಪ್ಪು ಒಣಗಿತು.

ಆಮೇಲೆ ತಂದೆಯ ಮುಖ ಬದಲಾಯಿತು. ನಾನು ಎಣಿಸುವ ಮೊದಲೇ ಅವರಿಗೆ ಗೊತ್ತಾಗಿತ್ತು.

"ಕಾಕಾ, ಇದು ಓಡಾಕತ್ತೈತ್ರಿ."

"ಆಕಿ ಎಲ್ಲಿ ಓಡ್ಲಿಕ್ಕತ್ತಾಳ? ನಿಂತಾಳಲ್ಲ."

"ಆಕಿ ನಿಂತಾಳ್ರಿ. ಇದು ಓಡಾಕತ್ತೈತಿ."

ನೂರಾ ಇಪ್ಪತ್ತು. ನೂರಾ ಇಪ್ಪತ್ತಾರು, ಮುಂದಿನ ನಿಮಿಷವೂ ಅಷ್ಟೇ. ಕೆಳಗೆ ನೋಡಿದೆ. ಪಾದಗಳು ಬದನೆಕಾಯಿಯ ಬಣ್ಣಕ್ಕೆ ತಿರುಗುತ್ತಿದ್ದವು. ಹಣೆಯ ವಿಭೂತಿ ಬೆವರಿಗೆ ಇಳಿಯುತ್ತಿತ್ತು.

"ಕಿವ್ಯಾಗ ಗುಂಯ್ ಅನ್ನಾಕತ್ತೈತ್ರಿ," ಎಂದಳು ಹುಡುಗಿ.

"ಕುಂಡ್ರಸ್ರಿ ಆಕಿನ್ನ!" ಎಂದರು ಅಜ್ಜಿ.

ಹತ್ತು ನಿಮಿಷ ಆಗಿರಲಿಲ್ಲ. ಇನ್ನೆರಡು ಅಳತೆ ಸಿಕ್ಕರೆ ಯಾವ ತಜ್ಞನೂ ತಕರಾರು ತೆಗೆಯುವಂತಿಲ್ಲ. ನಿಲ್ಲಿಸಿದರೆ ಅರ್ಧ ಪರೀಕ್ಷೆಯೆಂದು ತಂದೆಯೇ ಅಂದಾರು. ನನ್ನ ಬಾಯಿಂದ ಮಾತು ಹೊರಡುವ ಮೊದಲೇ ಅವರು ಹೇಳಿದರು: "ಸಾಕ್ರಿ ಕಾಕಾ. ಸಾಕ್ ಮಾಡ್ರಿ."

ಹುಡುಗಿ ಕುಸಿದಳು. ತಂದೆ ಹಿಡಿದಿದ್ದ ಕೈ ಬಿಡದೆ, ಇನ್ನೊಂದು ತೋಳಿನಿಂದ ಅವಳನ್ನು ತಬ್ಬಿ ಜಮಖಾನೆಯ ಮೇಲೆ ಮಲಗಿಸಿದರು. ಕಾಲಿನ ಕೆಳಗೆ ತಲೆದಿಂಬು ಇಟ್ಟೆ. ಸ್ವಲ್ಪ ಹೊತ್ತಿಗೆ ತಂದೆ, ನನ್ನನ್ನು ಕೇಳದೆಯೇ, "ಇಳೀತ್ರಿ," ಎಂದರು. ಇಳಿದಿತ್ತು.

 ಯಂತ್ರದ ಪಟ್ಟಿ ಸುತ್ತುತ್ತ ತಂದೆಯನ್ನು ಕೇಳಿದೆ, "ಹತ್ತಿ ಅಂಡಗಿ ಚೀಲದ ಬಾಯಾಗ ಛಲೋ ಹತ್ತಿ ಇಟ್ಟು ತೋರಸೋರು ಇರ್ತಾರಲ್ಲ, ನೀವು ಏನ ಮಾಡ್ತೀರಿ?"

"ಮೊಣಕೈತನಕ ಕೈ ಹಾಕಿ ತಳದಾಗಿಂದ ತಗೀತೇವ್ರಿ."

"ನಾವು ಡಾಕ್ಟರ ಮಂದಿ ಎಲ್ಲಾ ಬಾಯಾಗಿನ ಹತ್ತಿ ನೋಡಿ ರಿಪೋರ್ಟ್ ಬರದೀವಿ."

ಹುಡುಗಿ ಕಣ್ಣು ಮುಚ್ಚಿಕೊಂಡೇ, ಯಾರಿಗೆಂದಿಲ್ಲದೆ, "ಅಂದ್ರ ನಾ ನಾಟಕ ಮಾಡಿಲ್ಲ ಅಂತಾತಲ್ರಿ?" ಎಂದಳು.

ತಂದೆ ಫೋನ್ ತೆಗೆದು ಅಂಗಡಿಗೆ, "ಇವತ್ತ ನಾ ಬರೂದಿಲ್ಲ, ನೀವ ನೋಡ್ಕೋರಿ," ಎಂದು ಹೇಳಿ, ಅಲ್ಲೇ ಗೋಡೆಗೊರಗಿ ಕುಳಿತರು. ಮಗಳ ಮಣಿಕಟ್ಟು ಇನ್ನೂ ಅವರ ಕೈಯಲ್ಲೇ ಇತ್ತು.

ಅಜ್ಜಿಗೆ ನಾನು ಹೇಳಬೇಕಾದ್ದು ಕಷ್ಟದ ಮಾತೇನಲ್ಲ. "ಆ ತಯಾರಿ ಇನ್ನ ದಿನಾ ಮಾಡ್ರಿ."

"ಡಾಕ್ಟರ್ ಕಡೆ ಹೋಗೂದಿಲ್ಲಂದ್ರೂ?"

"ಹೋಗೂದಿಲ್ಲಂದ್ರೂ."

"ಮತ್ತ ನಾ ಮಾಡಿದ್ದು ತಪ್ಪೇನ್ರಿ?"

"ಮಾಡಿದ್ದು ಬರೋಬರಿ. ನನ್ನಿಂದ ಮುಚ್ಚಿಟ್ಟಿದ್ದು ತಪ್ಪು."

ಹೃದಯತಜ್ಞ ಮಿತ್ರರಿಗೆ ಅಂಕಿಗಳನ್ನು ಕಳಿಸಿದೆ. ಅವರು ತಮ್ಮಲ್ಲಿ ಮತ್ತೆ ನಿಲ್ಲಿಸಿ ನೋಡಿ, ಹೌದೆಂದು, ನಾಡಿಯ ಓಟ ತಗ್ಗಿಸುವ ಸಣ್ಣ ಮಾತ್ರೆ ಬರೆದರು. ಏಳುವ ಮೊದಲೇ ನೀರು, ಊಟದಲ್ಲಿ ಉಪ್ಪು ಹೆಚ್ಚು, ಬಿಗಿಯಾದ ಕಾಲುಚೀಲ, ಮಲಗಿಯೇ ಮಾಡುವ ಹಗುರ ವ್ಯಾಯಾಮ. ಎಲ್ಲಕ್ಕಿಂತ ಕಠಿಣವಾದದ್ದು, ಇನ್ನೂ ಶಕ್ತಿ ಇರುವಾಗಲೇ ನಿಲ್ಲಿಸುವುದು. ಗೆಲ್ಲುವ ತನಕ ಓಡುವುದನ್ನು ಕಲಿತ ಹುಡುಗಿಗೆ ಅದನ್ನು ಕಲಿಸುವುದು ಸುಲಭವಿರಲಿಲ್ಲ. ಶಾಲೆಯ ಮುಖ್ಯೋಪಾಧ್ಯಾಯಿನಿ ಮೊದಲು ಅನುಮಾನಿಸಿದರು. ಆಮೇಲೆ ಅರ್ಧ ದಿನದ ಹಾಜರಿಗೆ ಒಪ್ಪಿ, ಪ್ರಾರ್ಥನೆಯ ಹೊತ್ತಿನಲ್ಲಿ ಕುರ್ಚಿ ಕೊಡಿಸಿದರು. ಕುರ್ಚಿಯ ಬಗ್ಗೆ ಸಹಪಾಠಿಗಳು ಆಡಿದ ಮಾತುಗಳನ್ನು ಹುಡುಗಿ ನನಗೆ ಹೇಳಲಿಲ್ಲ, ತಾಯಿ ಹೇಳಿದರು.

ಎರಡು ತಿಂಗಳು ಚೆನ್ನಾಗಿ ನಡೆಯಿತು. ಆಮೇಲೆ ಮನೆಯಲ್ಲಿ ಮದುವೆ ಬಂತು, ಹುಡುಗಿ ಕುಣಿದಳು, ಮೂರು ವಾರ ಮಲಗಿದಳು. ತಂದೆ ಫೋನ್ ಮಾಡಿ ಬೈಯುತ್ತಾರೆಂದುಕೊಂಡೆ. "ನಾಡಿ ಮತ್ತ ಓಡಾಕತ್ತೈತ್ರಿ ಕಾಕಾ, ಏನ ಮಾಡೂಣು?" ಎಂದಷ್ಟೇ ಕೇಳಿದರು. ಯಾವಾಗ ಪೂರ್ತಿ ಗುಣವಾಗುತ್ತಾಳೆಂದೂ ಕೇಳಿದರು. ಹೆಚ್ಚಿನ ಮಕ್ಕಳು ನಿಧಾನಕ್ಕೆ ಸುಧಾರಿಸುತ್ತಾರೆ, ಇವಳದು ಯಾವಾಗೆಂದು ನನಗೆ ಗೊತ್ತಿಲ್ಲ ಎಂದೆ. ಈ ಸಲ ಧ್ವನಿಯನ್ನು ಗಂಭೀರ ಮಾಡಿಕೊಳ್ಳಲಿಲ್ಲ.

ಸರ್ಟಿಫಿಕೇಟಿಗೆ ನಾನು ಸಹಿ ಮಾಡಲಿಲ್ಲ, ಬೇರೆ ಯಾರಿಂದಲೂ ಅವರು ಮಾಡಿಸಲಿಲ್ಲ. ಹುಡುಗಿ ಮನೆಯಿಂದಲೇ ಅರ್ಧ ದಿನದ ಶಾಲೆಗೆ ಹೋಗುತ್ತ ಒಂಬತ್ತನೆಯ ತರಗತಿಯನ್ನು ಎರಡು ವರ್ಷದಲ್ಲಿ ಮುಗಿಸಿದಳು.